ಜಪಾನಿನ ಸರ್ವವಸ್ತು ವ್ಯಾಪಾರ ಸಂಸ್ಥೆಗಳು: ಹುಟ್ಟು, ಬೆಳವಣಿಗೆ, ಭವಿಷ್ಯ

ಜಪಾನು ದೇಶವನ್ನು ಕುರಿತು ನಮ್ಮ ಭೂಗೋಳದ ಪಾಠಗಳಲ್ಲಿ ಎರಡು ಮಾತುಗಳು ತಪ್ಪದೆ ಬರುತ್ತವೆ. ಆ ದ್ವೀಪಗಳಲ್ಲಿ ಕಬ್ಬಿಣದ ಅದಿರಾಗಲಿ, ಎಣ್ಣೆಯಾಗಲಿ, ಹತ್ತಿಯಾಗಲಿ ಬೇಕಾದಷ್ಟು ದೊರೆಯುವುದಿಲ್ಲವೆಂಬುದು ಒಂದು. ಆದರೂ ಆ ದೇಶವು ಉಕ್ಕನ್ನೂ ಹಡಗುಗಳನ್ನೂ ಮೋಟಾರುಗಳನ್ನೂ ತಯಾರಿಸಿ ಜಗತ್ತಿಗೆಲ್ಲ ಮಾರುತ್ತದೆಂಬುದು ಮತ್ತೊಂದು. ಈ ಎರಡು ವಾಕ್ಯಗಳ ನಡುವೆ ಅಡಗಿರುವ ಪ್ರಶ್ನೆಯನ್ನು ಚುರುಕಾದ ವಿದ್ಯಾರ್ಥಿಯು ಕೇಳಿಯೇ ಕೇಳುವನು. ಇಲ್ಲದ ಅದಿರನ್ನು ಹುಡುಕಿ ತಂದವರು ಯಾರು? ಕಾರ್ಖಾನೆಯವರಿಗೆ ಪರದೇಶದ ಗಿರಾಕಿಯನ್ನು ತೋರಿಸಿಕೊಟ್ಟವರು ಯಾರು? ಹಣವು ಕೈಸೇರುವವರೆಗೆ ಉದ್ರಿಯ ಭಾರವನ್ನು ಹೊತ್ತವರು ಯಾರು? ಪಠ್ಯಪುಸ್ತಕವು ಮೌನವಾಗಿರುವ ಈ ಸ್ಥಳದಲ್ಲಿ ನಿಂತಿರುವವುಗಳೇ ಜಪಾನಿನ ವ್ಯಾಪಾರ ಸಂಸ್ಥೆಗಳು. ಅವನ್ನು ಜಪಾನೀಯರು ತಮ್ಮ ಭಾಷೆಯಲ್ಲಿ ‘ಸೋಗೋ ಶೋಶಾ’ ಎಂದು ಕರೆಯುತ್ತಾರೆ. ‘ಸೋಗೋ’ ಎಂದರೆ ಎಲ್ಲವನ್ನೂ ಒಳಗೊಂಡದ್ದು. ‘ಶೋಶಾ’ ಎಂದರೆ ವ್ಯಾಪಾರ ಸಂಸ್ಥೆ. ಸೇವಿಗೆಯ ಎಳೆಯಿಂದ ಹಿಡಿದು ಆಕಾಶಬಾಣದವರೆಗೆ ಇವರು ಮಾರದ ವಸ್ತುವಿಲ್ಲವೆಂದು ಅಲ್ಲಿಯ ಜನರ ಆಡುಮಾತು.

ನಮ್ಮ ಸೀಮೆಯ ಪೇಟೆಗಳಲ್ಲಿ ಅಡತಿ ಅಂಗಡಿಯನ್ನು ನೋಡದವರಿಲ್ಲ. ರೈತನು ಹತ್ತಿಯನ್ನೋ ಶೇಂಗಾವನ್ನೋ ಗಾಡಿಯಲ್ಲಿ ತಂದು ಹಾಕುತ್ತಾನೆ. ಅಡತಿಯವನು ಖರೀದಿದಾರನನ್ನು ಹುಡುಕಿಕೊಡುತ್ತಾನೆ. ಬಿತ್ತನೆಯ ಕಾಲಕ್ಕೆ ಮುಂಗಡ ಕೊಡುತ್ತಾನೆ. ನೂರಕ್ಕೆ ಇಷ್ಟೆಂದು ಅಡತಿಯನ್ನು ಹಿಡಿದುಕೊಳ್ಳುತ್ತಾನೆ. ಮಾಲು ಅವನು ಬೆಳೆದದ್ದೂ ಅಲ್ಲ, ಅವನು ಉಪಯೋಗಿಸುವುದೂ ಇಲ್ಲ. ಈ ಅಡತಿ ಅಂಗಡಿಯು ಹತ್ತಾರು ದೇಶಗಳಲ್ಲಿ ಗದ್ದುಗೆ ಹಾಕಿ, ಸ್ವಂತ ಹಡಗು, ಉಗ್ರಾಣ, ಗಣಿಗಳನ್ನು ಪಡೆದು, ಒಂದು ರಾಷ್ಟ್ರದ ಅರ್ಧದಷ್ಟು ವಿದೇಶ ವ್ಯಾಪಾರವನ್ನು ತನ್ನ ಖಾತೆಯಲ್ಲಿ ಬರೆದುಕೊಳ್ಳುವಷ್ಟು ಬೆಳೆದರೆ ಹೇಗಿರಬಹುದೋ ಅದೇ ಸೋಗೋ ಶೋಶಾ. ಅಡತಿಯವನನ್ನು ರೈತನು ಬೈಯುವುದೂ ಉಂಟು, ಅವನಿಲ್ಲದೆ ಪೇಚಾಡುವುದೂ ಉಂಟು. ಈ ಎರಡು ಬಗೆಯ ಅನುಭವವೂ ಜಪಾನೀ ಸಂಸ್ಥೆಗಳ ಚರಿತ್ರೆಯಲ್ಲಿ ಹೆಜ್ಜೆಹೆಜ್ಜೆಗೂ ಕಾಣಬರುತ್ತದೆ.

ಜಪಾನಿನ ಬಾಗಿಲು ಪಾಶ್ಚಾತ್ಯ ವ್ಯಾಪಾರಕ್ಕೆ ತೆರೆದದ್ದು ಸ್ವಸಂತೋಷದಿಂದಲ್ಲ. 1858ರ ಒಪ್ಪಂದಗಳ ಪ್ರಕಾರ 1859ರಲ್ಲಿ ಯೊಕೊಹಾಮಾ ಬಂದರು ತೆರೆಯಲ್ಪಟ್ಟಿತು. ಅಲ್ಲಿ ಬಂದು ನೆಲಸಿದ ಇಂಗ್ಲಿಷ್ ಮತ್ತು ಅಮೆರಿಕನ್ ವರ್ತಕರ ಕೈಯಲ್ಲಿಯೇ ಆ ದೇಶದ ರಫ್ತು ಆಮದುಗಳ ಬಹುಪಾಲು ಸಿಕ್ಕಿಕೊಂಡಿತು. ರೇಷ್ಮೆಯನ್ನು ತಂದ ಜಪಾನೀ ವರ್ತಕನಿಗೆ ಲಂಡನ್ನಿನ ಧಾರಣೆ ಏನೆಂಬುದು ತಿಳಿಯದು, ಭಾಷೆ ಬಾರದು, ಹಡಗಿಲ್ಲ, ವಿಮೆಯಿಲ್ಲ, ಹುಂಡಿಯನ್ನು ಮನ್ನಿಸುವ ಬ್ಯಾಂಕಿಲ್ಲ. ಪರಕೀಯನು ಹೇಳಿದ್ದೇ ಬೆಲೆ. ಸ್ವದೇಶದ ವ್ಯಾಪಾರವನ್ನು ಸ್ವದೇಶೀಯರ ಕೈಗೆ ತರಬೇಕೆಂಬ ಹಂಬಲವು ಮೇಯಿಜಿ ಸರಕಾರದಲ್ಲಿಯೂ ವರ್ತಕರಲ್ಲಿಯೂ ಹುಟ್ಟಿದ್ದು ಈ ಕಷ್ಟದಿಂದ.

1876ರಲ್ಲಿ ಮಿತ್ಸುಯಿ ಮನೆತನದವರು ‘ಮಿತ್ಸುಯಿ ಬುಸ್ಸಾನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಈ ಮನೆತನವು 1673ರಿಂದಲೂ ಎದೋ ನಗರದಲ್ಲಿ ಜವಳಿ ಅಂಗಡಿಯನ್ನು ನಡೆಸುತ್ತ, ಚೌಕಾಸಿಯಿಲ್ಲದೆ ರೊಕ್ಕಕ್ಕೆ ಮಾರುವುದೆಂಬ ಹೊಸ ಪದ್ಧತಿಯಿಂದ ಹೆಸರು ಪಡೆದಿದ್ದಿತು. ಹೊಸ ಸಂಸ್ಥೆಗೆ ಮುಖ್ಯಸ್ಥನಾಗಿ ಬಂದ ಮಸುದಾ ತಕಾಶಿ ಎಂಬಾತನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಆತನು ಎಳೆತನದಲ್ಲಿಯೇ ಇಂಗ್ಲಿಷ್ ಕಲಿತು, ಹದಿಹರೆಯದಲ್ಲಿ ತಂದೆಯೊಡನೆ ರಾಯಭಾರಿ ನಿಯೋಗದಲ್ಲಿ ಯೂರೋಪನ್ನು ಕಂಡುಬಂದವನು. ಸರಕಾರದ ಒಡೆತನದಲ್ಲಿದ್ದ ಮೀಕೆ ಗಣಿಯ ಕಲ್ಲಿದ್ದಲನ್ನು ಮಾರುವ ಕೆಲಸವು ಸಂಸ್ಥೆಗೆ ಮೊದಲ ಆಧಾರವಾಯಿತು. ಆ ಕಲ್ಲಿದ್ದಲಿಗಾಗಿಯೇ 1877ರಲ್ಲಿ ಷಾಂಘಾಯಿ ನಗರದಲ್ಲಿ ಶಾಖೆ ತೆರೆಯಿತು. ಕೆಲವು ವರ್ಷಗಳ ತರುವಾಯ, 1888ರಲ್ಲಿ, ಆ ಗಣಿಯನ್ನೇ ಮಿತ್ಸುಯಿಯವರು ಸರಕಾರದಿಂದ ಕೊಂಡುಕೊಂಡರು. ಮಾರುವವನು ಕ್ರಮೇಣ ಗಣಿಯ ಒಡೆಯನಾಗುವ ಈ ರೀತಿಯು ಇಂದಿಗೂ ಇವರ ಸ್ವಭಾವವಾಗಿದೆ; ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಮಸುದಾ ಮಾಡಿದ ಮತ್ತೊಂದು ಕೆಲಸವನ್ನು ನಾನು ಇನ್ನೂ ಹೆಚ್ಚಾಗಿ ಮೆಚ್ಚುತ್ತೇನೆ. ಅದೇ 1876ರಲ್ಲಿ ಆತನು ಸರಕುಗಳ ಧಾರಣೆಯನ್ನು ತಿಳಿಸುವ ಒಂದು ಪತ್ರಿಕೆಯನ್ನು ಆರಂಭಿಸಿದನು. ಒಳನಾಡಿನ ಮತ್ತು ಹೊರನಾಡಿನ ಬೆಲೆಗಳ ಸುದ್ದಿಯೇ ಅದರ ವಿಷಯ. ಇಂದು ಜಪಾನಿನ ಅತಿ ಮುಖ್ಯ ವಾಣಿಜ್ಯ ದಿನಪತ್ರಿಕೆಯಾದ ‘ನಿಹೊನ್ ಕೆಯಿಜಾಯ್’ ಅದರಿಂದಲೇ ಬೆಳೆದು ಬಂದದ್ದು. ಬೆಲೆಯನ್ನು ಅರಿಯದವನು ಮಾರುವಾಗಲೂ ಸೋಲುವನು, ಕೊಳ್ಳುವಾಗಲೂ ಸೋಲುವನು ಎಂಬುದು ಆತನಿಗೆ ಯೊಕೊಹಾಮಾ ಕಲಿಸಿದ ಪಾಠ. ಭಾಷೆಯ ವಿಷಯದಲ್ಲಿಯೂ ಇದೇ ಎಚ್ಚರ. ಸಂಸ್ಥೆಯು ತರುಣ ನೌಕರರನ್ನು ಚೀನಾ ದೇಶದಲ್ಲಿರಿಸಿ ಅಲ್ಲಿಯ ಮಾತನ್ನೂ ನಡೆನುಡಿಗಳನ್ನೂ ಕಲಿಸಿ, ದಲಾಲರ ಹಂಗಿಲ್ಲದೆ ಅಲ್ಲಿಯ ವರ್ತಕರೊಡನೆ ನೇರವಾಗಿ ವ್ಯವಹರಿಸುವಂತೆ ಮಾಡಿತು. ಪರಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಇನ್ನು ಉಳಿದ ಮನೆತನಗಳ ವಿಷಯ. ಇತೋ ಚೂಬೇ ಎಂಬ ಹುಡುಗನು 1858ರಲ್ಲಿ ತನ್ನ ಹದಿನೈದರ ಆಸುಪಾಸಿನ ಪ್ರಾಯದಲ್ಲಿ ನಾರುಬಟ್ಟೆಯನ್ನು ಹೊತ್ತು ಊರೂರು ಅಲೆದು ಮಾರಲಾರಂಭಿಸಿದನು. ಇಂದಿನ ಇತೋಚು ಮತ್ತು ಮರುಬೇನಿ ಎಂಬೆರಡು ಸಂಸ್ಥೆಗಳೂ ಆತನ ಮೂಟೆಯಿಂದಲೇ ಹುಟ್ಟಿದವು. ಮಿತ್ಸುಬಿಶಿಯು ಇವಾಸಾಕಿ ಯತಾರೋ 1870ರಲ್ಲಿ ಆರಂಭಿಸಿದ ಹಡಗಿನ ವ್ಯಾಪಾರದಿಂದ ಬೆಳೆಯಿತು. ಅದರ ವ್ಯಾಪಾರ ಶಾಖೆಯು 1918ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. 1691ರಿಂದ ಬೆಶಿ ತಾಮ್ರದ ಗಣಿಯನ್ನು ನಡೆಸುತ್ತಿದ್ದ ಸುಮಿತೊಮೊ ಮನೆತನವು ಈ ವ್ಯಾಪಾರಕ್ಕೆ ಕೈಹಾಕಿದ್ದು ಎಲ್ಲರಿಗಿಂತ ತಡವಾಗಿ, 1945ರಲ್ಲಿ.

ನಮ್ಮ ದಖ್ಖನದ ಹತ್ತಿಗೂ ಈ ಸಂಸ್ಥೆಗಳಿಗೂ ಇರುವ ನಂಟು ಹಳೆಯದು. ಒಸಾಕಾ ನಗರದ ನೂಲಿನ ಗಿರಣಿಗಳಿಗೆ ಅಗ್ಗದ ಹತ್ತಿ ಬೇಕಾಗಿದ್ದಿತು. ಭಾರತದ ಗಿಡ್ಡ ಎಳೆಯ ಹತ್ತಿಯನ್ನು ಅಮೆರಿಕದ ಉದ್ದ ಎಳೆಯ ಹತ್ತಿಯೊಡನೆ ಹದವರಿತು ಬೆರೆಸುವ ಕೌಶಲವನ್ನು ಅವರು ಸಾಧಿಸಿದ್ದರು. ಆದರೆ ಮುಂಬಯಿಯಿಂದ ಜಪಾನಿಗೆ ಹೋಗುವ ಹಡಗು ಬಾಡಿಗೆಯು ಇಂಗ್ಲಿಷ್ ಕಂಪೆನಿಯೊಂದರ ನೇತೃತ್ವದ ಕೂಟದ ಹಿಡಿತದಲ್ಲಿದ್ದಿತು. 1893ರಲ್ಲಿ ಜಮಶೇಟಜಿ ಟಾಟಾ ಅವರೂ ಜಪಾನಿನ ‘ನಿಪ್ಪೊನ್ ಯೂಸೆನ್ ಕಾಯಿಶಾ’ ಹಡಗು ಸಂಸ್ಥೆಯೂ ಕೂಡಿ ಮುಂಬಯಿ ಮಾರ್ಗವನ್ನು ತೆರೆದರು. ಕೂಟದವರು ಬಾಡಿಗೆಯನ್ನು ಪಾತಾಳಕ್ಕಿಳಿಸಿ ಹೋರಾಡಿದರು. ಟಾಟಾ ಅವರ ಹಡಗುಗಳು ಈ ದರಸಮರದಲ್ಲಿ ಹಿಂದೆಗೆಯಬೇಕಾಯಿತು. ಜಪಾನಿನ ಹಡಗುಗಳು ನಿಂತವು. ಅದಕ್ಕೆ ಕಾರಣವು ಕೇವಲ ಸಾಹಸವಲ್ಲ. ಅಗ್ಗದ ಬಾಡಿಗೆಯ ಆಸೆಗೆ ಬಲಿಬೀಳದೆ ಸ್ವದೇಶದ ಹಡಗಿಗೇ ಸರಕನ್ನು ಕೊಡುವೆವೆಂದು ಜಪಾನಿನ ಗಿರಣಿಗಳ ಸಂಘವು ಮಾತುಕೊಟ್ಟಿದ್ದಿತು. ಹತ್ತಿ ಕೊಳ್ಳುವ ವರ್ತಕ ಸಂಸ್ಥೆಗಳು ಆ ಮಾತನ್ನು ನಡೆಸಿದವು. ನಮ್ಮವರ ಬೆನ್ನಿಗೆ ಅಂಥ ಕಟ್ಟುಪಾಡು ಇರಲಿಲ್ಲ.

ಹೀಗೆ ಮುಂಬಯಿಗೆ ಬಂದ ಸಂಸ್ಥೆಗಳಲ್ಲಿ ಮಿತ್ಸುಯಿಯಲ್ಲದೆ 1892ರಲ್ಲಿ ಒಸಾಕಾದಲ್ಲಿ ಹುಟ್ಟಿದ ‘ನಿಪ್ಪೊನ್ ಮೆಂಕಾ’ ಮುಖ್ಯವಾದುದು. ‘ಮೆಂಕಾ’ ಎಂದರೆ ಹತ್ತಿ. 1920ರಲ್ಲಿ ಮಿತ್ಸುಯಿಯ ಹತ್ತಿ ವಿಭಾಗವು ಬೇರೆಯಾಗಿ ‘ತೋಯೋ ಮೆಂಕಾ’ ಎಂಬ ಹೆಸರನ್ನು ತಳೆಯಿತು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಭಾರತದ ಹತ್ತಿಗೆ ಜಪಾನೇ ಅತಿ ದೊಡ್ಡ ಗಿರಾಕಿ. ಈ ನಂಟು ಎಷ್ಟು ಬಿಗಿಯಾಗಿದ್ದಿತೆಂಬುದು 1933ರಲ್ಲಿ ಎಲ್ಲರಿಗೂ ಮನದಟ್ಟಾಯಿತು. ಆ ವರ್ಷ ಭಾರತ ಸರಕಾರವು ಬ್ರಿಟಿಷರದಲ್ಲದ ಹತ್ತಿಬಟ್ಟೆಯ ಮೇಲಿನ ಸುಂಕವನ್ನು ನೂರಕ್ಕೆ 75ಕ್ಕೆ ಏರಿಸಿತು. ಒಡನೆಯೇ ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನು ಕೊಳ್ಳುವುದಿಲ್ಲವೆಂದು ಬಹಿಷ್ಕಾರ ಹಾಕಿದವು. ಮುಂಬಯಿಯ ಗಿರಣಿಯ ಒಡೆಯರಿಗೆ ಸುಂಕದಿಂದ ಲಾಭ. ಹತ್ತಿ ಬೆಳೆದ ರೈತನಿಗೆ ಬಹಿಷ್ಕಾರದಿಂದ ಬರಸಿಡಿಲು. ಕೊನೆಗೆ 1934ರಲ್ಲಿ ಆದ ಒಪ್ಪಂದವು ಎರಡು ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿಟ್ಟಿತು: ಜಪಾನು ವರ್ಷಕ್ಕೆ 10 ಲಕ್ಷ ಬೇಲು ಹತ್ತಿಯನ್ನು ಕೊಂಡರೆ 32 ಕೋಟಿ 50 ಲಕ್ಷ ಗಜ ಬಟ್ಟೆಯನ್ನು ಇಲ್ಲಿಗೆ ತರಬಹುದು, 15 ಲಕ್ಷ ಬೇಲು ಕೊಂಡರೆ 40 ಕೋಟಿ ಗಜ. ಆದವಾನಿಯಲ್ಲಿಯೋ ಸೊಲ್ಲಾಪುರದಲ್ಲಿಯೋ ಆ ಕಾಲದ ಹತ್ತಿಯ ಧಾರಣೆಯನ್ನು ಕುರಿತು ಹಿರಿಯರ ಲೆಕ್ಕದ ಪುಸ್ತಕಗಳನ್ನು ಯಾರಾದರೂ ಇಟ್ಟುಕೊಂಡಿದ್ದರೆ, ಅವುಗಳ ಏರಿಳಿತವನ್ನು ಈ ಸಂಗತಿಯೊಡನೆ ಹೋಲಿಸಿ ನೋಡುವುದು ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ಬೆಳೆದವರೆಲ್ಲ ಉಳಿಯಲಿಲ್ಲ. ಕೋಬೆ ನಗರದ ಸುಜುಕಿ ಶೋತೆನ್ ಎಂಬ ಸಂಸ್ಥೆಯ ಕಥೆಯು ಒಂದು ನಾಟಕಕ್ಕೆ ತಕ್ಕುದು. ಸಕ್ಕರೆಯ ವರ್ತಕನಾದ ಗಂಡನು 1894ರಲ್ಲಿ ತೀರಿಕೊಂಡ ಮೇಲೆ ಸುಜುಕಿ ಯೋನೆ ಎಂಬ ವಿಧವೆಯು ಅಂಗಡಿಯನ್ನು ಮುಚ್ಚದೆ, ಕನೆಕೊ ನಾವೊಕಿಚಿ ಎಂಬ ನಂಬಿಕೆಯ ಗುಮಾಸ್ತನಿಗೆ ವಹಿಸಿಕೊಟ್ಟಳು. ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡಾಗ ಉಳಿದವರು ಅಂಜಿ ಕುಳಿತಿರಲು, ಈತನು ಉಕ್ಕು ಮುಂತಾದವನ್ನು ಕಂಡಕಂಡಲ್ಲಿ ಕೊಂಡನು. 1917ರಲ್ಲಿ ಸುಜುಕಿಯ ವಹಿವಾಟು ಮಿತ್ಸುಯಿಯನ್ನೂ ಮೀರಿಸಿತು. ಮರುವರ್ಷವೇ ಅಕ್ಕಿಯ ಬೆಲೆ ಗಗನಕ್ಕೇರಿ ಜನರು ದಂಗೆಯೆದ್ದಾಗ, ಅಕ್ಕಿಯನ್ನು ಬಚ್ಚಿಟ್ಟಿರುವರೆಂಬ ಸುದ್ದಿ ಹಬ್ಬಿ, 1918ರ ಆಗಸ್ಟಿನಲ್ಲಿ ಸಂಸ್ಥೆಯ ಪ್ರಧಾನ ಕಚೇರಿಯನ್ನೇ ಸುಟ್ಟುಹಾಕಿದರು. ಯುದ್ಧಾನಂತರದ ಕುಸಿತದಲ್ಲಿ ತಾಯಿವಾನ್ ಬ್ಯಾಂಕಿನ ಸಾಲದ ಮೇಲೆ ತೇಲುತ್ತಿದ್ದು, 1927ರಲ್ಲಿ ಮುಳುಗಿತು. ಕೋಬೆ ಉಕ್ಕಿನ ಕಾರ್ಖಾನೆ, ತೇಯಿಜಿನ್ ಕೃತಕ ರೇಷ್ಮೆಯ ಕಾರ್ಖಾನೆ ಮುಂತಾದವು ಅದರ ಬೂದಿಯಿಂದ ಉಳಿದುಬಂದವು. ವರ್ತಕನು ಅಳಿದರೂ ಕಾರ್ಖಾನೆಗಳು ಬದುಕಿದುದು ಗಮನಾರ್ಹ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸಂಸ್ಥೆಗಳು ಸೈನ್ಯದ ಬೆನ್ನುಹಿಡಿದು ಆಕ್ರಮಿತ ದೇಶಗಳಲ್ಲಿ ವ್ಯಾಪಾರ ನಡೆಸಿದವೆಂಬುದನ್ನು ಮರೆಮಾಚಬೇಕಾಗಿಲ್ಲ. ಸೋಲಿನ ಅನಂತರ ಅಮೆರಿಕನ್ನರ ಆಡಳಿತವು 1947ರಲ್ಲಿ ಮಿತ್ಸುಯಿ ಬುಸ್ಸಾನ್ ಮತ್ತು ಮಿತ್ಸುಬಿಶಿ ಶೋಜಿ ಸಂಸ್ಥೆಗಳನ್ನು ಒಡೆದುಹಾಕಲು ಆಜ್ಞಾಪಿಸಿತು. ಒಂದೊಂದೂ ನೂರಕ್ಕೂ ಹೆಚ್ಚು ಚೂರುಗಳಾದವು. ಹಳೆಯ ಹೆಸರನ್ನು ಇಟ್ಟುಕೊಳ್ಳಬಾರದು, ಹಳೆಯ ನೌಕರರು ಹೆಚ್ಚು ಸಂಖ್ಯೆಯಲ್ಲಿ ಒಂದೆಡೆ ಕೂಡಬಾರದು ಎಂಬ ಕಟ್ಟಳೆಗಳೂ ಇದ್ದವು. ಆದರೂ 1954ರಲ್ಲಿ ಮಿತ್ಸುಬಿಶಿಯೂ 1959ರಲ್ಲಿ ಮಿತ್ಸುಯಿಯೂ ಮತ್ತೆ ಒಂದಾದವು. ಒಡೆದದ್ದು ಸಂಸ್ಥೆಯ ಮೈಯೇ ಹೊರತು ಅದರ ಜನರು ಬಲ್ಲ ವಿದ್ಯೆಯಲ್ಲ.

ಇಂಥ ಸಂಸ್ಥೆಗಳಿಗೆ ಭವಿಷ್ಯವಿಲ್ಲವೆಂಬ ಮಾತು ಹೊಸದಲ್ಲ. 1961ರ ಸುಮಾರಿಗೇ ಅಲ್ಲಿಯ ಅರ್ಥಶಾಸ್ತ್ರಜ್ಞರು ಇವುಗಳಿಗೆ ಮುಳುಗುವ ಸೂರ್ಯನ ಗತಿ ಬಂದಿದೆಯೆಂದು ಬರೆದರು. ಅವರ ತರ್ಕವು ಸರಳವೂ ಬಲವಾದುದೂ ಆಗಿದ್ದಿತು: ಕಾರ್ಖಾನೆಗಳು ದೊಡ್ಡವಾಗುತ್ತಿವೆ, ಮೋಟಾರು, ರೇಡಿಯೋಗಳನ್ನು ತಯಾರಿಸುವವರು ತಮ್ಮ ವಸ್ತುವನ್ನು ತಾವೇ ಮಾರಬಲ್ಲರು, ಮಧ್ಯಸ್ಥನಿಗೆ ನೂರಕ್ಕೆ ಒಂದೆರಡನ್ನಾದರೂ ಏಕೆ ಕೊಡಬೇಕು? ಮೋಟಾರಿನ ಮಟ್ಟಿಗೆ ಇದು ನಿಜವೇ ಆಯಿತು. ಆದರೆ ಅದಿರಿನ ಮಟ್ಟಿಗೆ ಏನಾಯಿತೆಂಬುದನ್ನು ವಿವರವಾಗಿ ನೋಡಬೇಕು.

ಒಂದು ಕಬ್ಬಿಣದ ಗಣಿಯನ್ನು ತೆರೆಯಬೇಕಾದರೆ ಬೆಟ್ಟದಿಂದ ಬಂದರಿಗೆ ರೈಲುಹಾದಿ ಬೇಕು. ಬಂದರಿನಲ್ಲಿ ಅದಿರು ತುಂಬುವ ಯಂತ್ರಗಳು ಬೇಕು. ಭಾರಿ ಹಡಗುಗಳು ಬೇಕು. ಕೊಳ್ಳುವವರು ಹದಿನೈದು ಇಪ್ಪತ್ತು ವರ್ಷಗಳವರೆಗೆ ತಪ್ಪದೆ ಕೊಳ್ಳುವರೆಂಬ ಕರಾರು ಇಲ್ಲದಿದ್ದರೆ ಗಣಿಯವನಿಗೆ ಯಾವ ಬ್ಯಾಂಕೂ ಸಾಲ ಕೊಡದು. ಅದಿರು ಬರುವುದೆಂಬ ಭರವಸೆ ಇಲ್ಲದಿದ್ದರೆ ಉಕ್ಕಿನ ಕಾರ್ಖಾನೆಯವನು ಹೊಸ ಕುಲುಮೆಯನ್ನು ಕಟ್ಟಲಾರನು. ಒಬ್ಬನು ಮತ್ತೊಬ್ಬನನ್ನು ಕಾಯುತ್ತ ಕುಳಿತರೆ ಯಾವುದೂ ಆಗದು. ಈ ಗಂಟನ್ನು ಬಿಡಿಸಿದವನೇ ಶೋಶಾ. ಅವನು ಗಣಿಯಲ್ಲಿ ತಾನೂ ಒಂದಿಷ್ಟು ಪಾಲು ಹಾಕಿದನು, ಕಾರ್ಖಾನೆಗಳೊಡನೆ ದೀರ್ಘಕಾಲದ ಕರಾರನ್ನು ಬರೆಯಿಸಿದನು, ಆ ಕರಾರನ್ನು ತೋರಿಸಿ ಬ್ಯಾಂಕಿನಿಂದ ಹಣ ಎತ್ತಿಸಿದನು, ಯಂತ್ರಗಳನ್ನು ಜಪಾನಿನಿಂದಲೇ ಮಾರಿದನು, ಹಡಗುಗಳನ್ನು ಗೊತ್ತುಮಾಡಿದನು. ಅಡತಿಯು ನೂರಕ್ಕೆ ಒಂದೇ ಆದರೂ ಅದು ನಾಲ್ಕು ಕಡೆಯಿಂದ, ಇಪ್ಪತ್ತು ವರ್ಷ ಬಂದಿತು. 1938ರಿಂದ ಅದಿರಿನ ರಫ್ತನ್ನು ನಿಷೇಧಿಸಿದ್ದ ಆಸ್ಟ್ರೇಲಿಯಾವು 1960ರಲ್ಲಿ ಆ ನಿಷೇಧವನ್ನು ಸಡಿಲಿಸಿದೊಡನೆ ಅಲ್ಲಿಯ ಪಿಲ್ಬರಾ ಪ್ರಾಂತದ ಮರುಭೂಮಿಯಲ್ಲಿ ಗಣಿಗಳೂ ರೈಲುಗಳೂ ಬಂದರುಗಳೂ ಎದ್ದದ್ದು ಈ ಬಗೆಯ ಕರಾರುಗಳ ಬಲದಿಂದ.

ನಮ್ಮ ದೇಶದಿಂದಲೂ ಅದಿರು ಹೋಯಿತು. 1950ರ ದಶಕದಲ್ಲಿ ಗೋವೆಯ ಅದಿರು ಮುರಗಾಂವ್ ಬಂದರಿನಿಂದ ಜಪಾನಿಗೆ ಹೊರಟಿತು. ಬೈಲಾಡಿಲ ಬೆಟ್ಟಗಳ ಅದಿರಿಗಾಗಿ 1960ರಲ್ಲಿ ಜಪಾನಿನೊಡನೆ ಒಪ್ಪಂದವಾಗಿ, ಕಿರಂದುಲಿನಿಂದ ಪೂರ್ವಘಟ್ಟಗಳನ್ನು ಕೊರೆದು ವಿಶಾಖಪಟ್ಟಣದ ಕಡೆಗೆ ರೈಲುಹಾದಿಯು ನಿರ್ಮಾಣವಾಯಿತು; 1968ರಲ್ಲಿ ಗಣಿಯ ಕೆಲಸ ಮೊದಲಾಯಿತು. ಬಳ್ಳಾರಿ ಹೊಸಪೇಟೆಗಳ ಅದಿರು ಮದರಾಸು ಬಂದರಿನ ಮೂಲಕ ಹೋಯಿತು. ನಮ್ಮ ಕಡೆಯಿಂದ ಮಾರುವ ಹೊಣೆಯನ್ನು 1963ರಲ್ಲಿ ಸ್ಥಾಪಿತವಾದ ಸರಕಾರೀ ಖನಿಜ ಮತ್ತು ಲೋಹ ವ್ಯಾಪಾರ ನಿಗಮವು ಹೊತ್ತಿತು. ಒಂದು ಭೇದವನ್ನು ಮಾತ್ರ ಇಲ್ಲಿ ಹೇಳಲೇಬೇಕು. ನಮ್ಮ ನಿಗಮವು ಅದಿರನ್ನು ಹಡಗಿಗೆ ತುಂಬಿ ಹಣವನ್ನು ಎಣಿಸಿಕೊಂಡಲ್ಲಿಗೆ ವ್ಯವಹಾರ ಮುಗಿಯಿತೆಂದು ಭಾವಿಸಿತು. ಜಪಾನೀ ವರ್ತಕನಿಗೆ ಅದು ಆರಂಭ. ಆ ಅದಿರಿನಿಂದಾದ ಉಕ್ಕನ್ನೂ, ಉಕ್ಕಿನಿಂದಾದ ಹಡಗನ್ನೂ, ಆ ಹಡಗಿನ ವಿಮೆಯನ್ನೂ ಅವನೇ ಮಾರಿದನು.

1970ರ ದಶಕದಲ್ಲಿ ಇಂಥ ಒಂಬತ್ತು ಹತ್ತು ಸಂಸ್ಥೆಗಳು ಜಪಾನಿನ ರಫ್ತಿನ ಅರ್ಧದಷ್ಟನ್ನೂ ಆಮದಿನ ಅರ್ಧಕ್ಕಿಂತ ಹೆಚ್ಚನ್ನೂ ನಡೆಸುತ್ತಿದ್ದವು. ಪ್ರಭಾವದ ಜೊತೆಗೆ ಅಪಕೀರ್ತಿಯೂ ಬಂದಿತು. 1973ರ ಎಣ್ಣೆಯ ಬಿಕ್ಕಟ್ಟಿನಲ್ಲಿ ಸರಕನ್ನು ಬಚ್ಚಿಟ್ಟು ಬೆಲೆ ಏರಿಸಿದರೆಂದು ಜನರು ರೇಗಿದರು. ಸಂಸ್ಥೆಗಳ ಮುಖ್ಯಸ್ಥರನ್ನು ಪಾರ್ಲಿಮೆಂಟಿನ ಮುಂದೆ ನಿಲ್ಲಿಸಿ ಪ್ರಶ್ನಿಸಲಾಯಿತು. 1976ರಲ್ಲಿ ಹೊರಬಿದ್ದ ಲಾಕ್‌ಹೀಡ್ ವಿಮಾನದ ಲಂಚದ ಪ್ರಕರಣದಲ್ಲಿ ಮರುಬೇನಿಯ ಅಧಿಕಾರಿಗಳೂ ಮಾಜಿ ಪ್ರಧಾನಿ ತನಾಕಾ ಅವರೂ ಬಂಧಿತರಾದರು. ಮಿತ್ಸುಯಿಯು ಇರಾನಿನಲ್ಲಿ ಕಟ್ಟುತ್ತಿದ್ದ ಭಾರಿ ರಸಾಯನ ಕಾರ್ಖಾನೆಯು ಬಹುಪಾಲು ಮುಗಿದಿದ್ದಾಗ 1979ರ ಕ್ರಾಂತಿಯೂ, ಬಳಿಕ ಇರಾಕಿನ ಬಾಂಬುಗಳೂ ಬಂದೆರಗಿ, ಹತ್ತು ವರ್ಷಗಳ ಹೆಣಗಾಟದ ಮೇಲೆ ಅದನ್ನು ಕೈಬಿಡಬೇಕಾಯಿತು. ಅತಾಕಾ ಎಂಬ ಸಂಸ್ಥೆಯು ಕೆನಡಾದ ಎಣ್ಣೆ ಶುದ್ಧೀಕರಣ ಕಾರ್ಖಾನೆಯೊಂದಕ್ಕೆ ಉದ್ರಿ ಕೊಟ್ಟು ಮುಳುಗಿ, 1977ರಲ್ಲಿ ಇತೋ ಸಂಸ್ಥೆಯಲ್ಲಿ ಲೀನವಾಯಿತು. ಅತಾಕಾದ ಯಜಮಾನನು ಸಂಗ್ರಹಿಸಿದ್ದ ಚೀನಾ ಮತ್ತು ಕೊರಿಯಾದ ಪಿಂಗಾಣಿ ಪಾತ್ರೆಗಳು ಮಾತ್ರ ಒಡೆಯದೆ ಉಳಿದು ಇಂದು ಒಸಾಕಾದ ವಸ್ತುಸಂಗ್ರಹಾಲಯದಲ್ಲಿವೆ. 1996ರಲ್ಲಿ ಸುಮಿತೊಮೊದ ಒಬ್ಬ ನೌಕರನು ತಾಮ್ರದ ಸಟ್ಟಾ ವ್ಯಾಪಾರದಲ್ಲಿ ಗುಟ್ಟಾಗಿ ಕಳೆದದ್ದು 260 ಕೋಟಿ ಡಾಲರುಗಳೆಂದು ಬಯಲಾಯಿತು.

ಗಾತ್ರವು ಬಲದ ಗುರುತಲ್ಲವೆಂಬುದಕ್ಕೂ ಇವರೇ ಉದಾಹರಣೆ. 1995ರಲ್ಲಿ ಅಮೆರಿಕದ ‘ಫಾರ್ಚೂನ್’ ಪತ್ರಿಕೆಯು ಪ್ರಕಟಿಸಿದ ಜಗತ್ತಿನ ದೊಡ್ಡ ಕಂಪೆನಿಗಳ ಪಟ್ಟಿಯಲ್ಲಿ ಮೊದಲ ಆರು ಸ್ಥಾನಗಳಲ್ಲಿ ಐದು ಇವರವೇ. ಆದರೆ ಕೈದಾಟಿಸಿದ ಸರಕಿನ ಪೂರ್ಣ ಬೆಲೆಯನ್ನು ವಹಿವಾಟೆಂದು ಬರೆದುಕೊಂಡದ್ದರಿಂದ ಆ ಅಂಕಿ ಊದಿಕೊಂಡಿದ್ದಿತು. ಲಾಭವು ತೀರ ತೆಳುವಾಗಿದ್ದಿತು. ಆ ವರ್ಷಗಳಲ್ಲಿ ಹಳೆಯ ಹತ್ತಿಯ ಮನೆಗಳು ಒಂದೊಂದಾಗಿ ಕರಗಿದವು. ನಿಪ್ಪೊನ್ ಮೆಂಕಾದ ವಂಶವೂ ಸುಜುಕಿಯ ವಂಶವೂ 2004ರಲ್ಲಿ ಕೂಡಿ ಸೋಜಿತ್ಸು ಎಂಬ ಸಂಸ್ಥೆಯಾಯಿತು. ಮಿತ್ಸುಬಿಶಿ, ಮಿತ್ಸುಯಿ, ಇತೋಚು, ಸುಮಿತೊಮೊ, ಮರುಬೇನಿ ಎಂಬ ಐದು ದೊಡ್ಡವು ಉಳಿದವು.

ಉಳಿದವರು ಉಳಿದದ್ದು ಹೇಗೆ? ಅಡತಿಯನ್ನು ನಂಬುವುದನ್ನು ಬಿಟ್ಟು ಪಾಲುದಾರರಾದುದರಿಂದ. ಮಿತ್ಸುಬಿಶಿಯು 1969ರಷ್ಟು ಹಿಂದೆಯೇ ಬ್ರುನೇಯ್ ದೇಶದ ದ್ರವೀಕೃತ ಅನಿಲದ ಕೆಲಸದಲ್ಲಿ ಬಂಡವಾಳ ಹೂಡಿದ್ದಿತು. 1972ರಲ್ಲಿ ಅಲ್ಲಿಂದ ಮೊದಲ ಹಡಗು ಹೊರಟಿತು. ಆ ಬೀಜದಿಂದಲೇ ಇಂದಿನ ಮರ ಬೆಳೆದಿದೆ. ಗಣಿಯಲ್ಲಿ ಪಾಲು, ಅನಿಲದಲ್ಲಿ ಪಾಲು, ವಿದ್ಯುದಾಗಾರಗಳಲ್ಲಿ ಪಾಲು, ಕೊನೆಗೆ ಬೀದಿಮೂಲೆಯ ಚಿಲ್ಲರೆ ಅಂಗಡಿಗಳಲ್ಲಿಯೂ ಪಾಲು; ಜಪಾನಿನಲ್ಲಿ ಹಗಲಿರುಳು ತೆರೆದಿರುವ ‘ಫ್ಯಾಮಿಲಿಮಾರ್ಟ್’ ಅಂಗಡಿಗಳು ಇತೋಚು ಸಂಸ್ಥೆಯವು. ಪಾಲಿನಲ್ಲಿ ಲಾಭವೂ ಹೆಚ್ಚು, ಪೆಟ್ಟೂ ಹೆಚ್ಚು. ಲೋಹಗಳ ಬೆಲೆ ಬಿದ್ದಾಗ, 2016ರ ಮಾರ್ಚಿಗೆ ಮುಗಿದ ವರ್ಷದಲ್ಲಿ, ಮಿತ್ಸುಬಿಶಿಗೆ ಸುಮಾರು 14,900 ಕೋಟಿ ಯೆನ್ನುಗಳೂ ಮಿತ್ಸುಯಿಗೆ ಸುಮಾರು 8,300 ಕೋಟಿ ಯೆನ್ನುಗಳೂ ನಷ್ಟವಾದವು. ಯುದ್ಧಾನಂತರದ ಪುನಸ್ಸಂಘಟನೆಯ ಬಳಿಕ ಅವರು ಕಂಡ ಮೊದಲ ನಷ್ಟವದು. ಏಳು ವರ್ಷಗಳ ತರುವಾಯ, 2023ರ ಮಾರ್ಚಿಗೆ ಮುಗಿದ ವರ್ಷದಲ್ಲಿ, ಇಬ್ಬರ ಲಾಭವೂ ಒಂದು ಲಕ್ಷ ಕೋಟಿ ಯೆನ್ನುಗಳನ್ನು ದಾಟಿತು.

ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. 2020ರ ಆಗಸ್ಟ್ 30ರಂದು, ತಮ್ಮ ತೊಂಬತ್ತನೆಯ ಹುಟ್ಟುಹಬ್ಬದ ದಿನ, ಅಮೆರಿಕದ ವಾರೆನ್ ಬಫೆಟ್ ಅವರ ಸಂಸ್ಥೆಯು ಈ ಐದರಲ್ಲಿಯೂ ನೂರಕ್ಕೆ ಐದಕ್ಕೂ ಮಿಕ್ಕಿ ಷೇರುಗಳನ್ನು ಕೊಂಡಿರುವುದಾಗಿ ಪ್ರಕಟಿಸಿತು. ಜಪಾನೀಯರೇ ಹಳೆಯ ಕಾಲದ ಸರಕೆಂದು ಕಡೆಗಣಿಸಿದ್ದ ಷೇರುಗಳವು. ಆ ವೃದ್ಧರು ಜಪಾನಿನಲ್ಲಿಯೇ ಕಡಮೆ ಬಡ್ಡಿಗೆ ಯೆನ್ ಸಾಲವೆತ್ತಿ, ಅದಕ್ಕಿಂತ ಹೆಚ್ಚು ಲಾಭಾಂಶ ಕೊಡುವ ಷೇರುಗಳನ್ನು ಕೊಂಡರು. ಲೆಕ್ಕ ಬಲ್ಲ ವಿದ್ಯಾರ್ಥಿಗೆ ಇದರಲ್ಲಿ ಮಂತ್ರವೇನೂ ಕಾಣದು. ಬಡ್ಡಿಗೂ ಲಾಭಾಂಶಕ್ಕೂ ಇರುವ ವ್ಯತ್ಯಾಸವನ್ನು ಕಳೆದರೆ ಸಾಕು.

ಭವಿಷ್ಯದ ಮಾತಿಗೆ ಬಂದರೆ, ನನಗೆ ತೋರುವಂತೆ ಇವರ ಮುಂದಿರುವ ತೊಡಕು ವ್ಯಾಪಾರದ್ದಲ್ಲ, ರಾಜ್ಯಗಳದ್ದು. ರಷ್ಯಾದ ಸಖಲಿನ್ ದ್ವೀಪದ ಅನಿಲದಲ್ಲಿ ಮಿತ್ಸುಯಿಗೆ ನೂರಕ್ಕೆ ಹನ್ನೆರಡೂವರೆ, ಮಿತ್ಸುಬಿಶಿಗೆ ಹತ್ತು ಪಾಲಿದ್ದಿತು. 2022ರಲ್ಲಿ ಉಕ್ರೇನಿನ ಯುದ್ಧವು ಆರಂಭವಾಗಿ, ರಷ್ಯಾವು ಆ ವ್ಯವಹಾರವನ್ನು ಹೊಸ ಕಂಪೆನಿಗೆ ವರ್ಗಾಯಿಸಿದಾಗ, ಪಾಶ್ಚಾತ್ಯ ಪಾಲುದಾರರು ಹೊರನಡೆದರೂ ಇವರು ಬಿಡಲಿಲ್ಲ. ತನಗೆ ಬೇಕಾದ ಆಹಾರದ ಶಾಖಾಂಶದಲ್ಲಿ ನೂರಕ್ಕೆ 38ರಷ್ಟನ್ನು ಮಾತ್ರ ಬೆಳೆಯುವ, ಎಣ್ಣೆ ಅನಿಲಗಳಿಗೆ ಹೊರಗನ್ನೇ ನಂಬಿದ ದೇಶಕ್ಕೆ ಧರ್ಮಾಧರ್ಮಗಳ ತೀರ್ಪು ಸುಲಭವಲ್ಲ. ಇತ್ತ ಹೊಸ ಬಗೆಯ ಇಂಧನವೂ ಕೈಗೆ ಸುಲಭವಾಗಿ ಸಿಕ್ಕಿಲ್ಲ: 2021ರಲ್ಲಿ ಸಮುದ್ರದ ಗಾಳಿಯಿಂದ ವಿದ್ಯುತ್ತು ತೆಗೆಯುವ ಮೂರು ಗುತ್ತಿಗೆಗಳನ್ನು ಗೆದ್ದ ಮಿತ್ಸುಬಿಶಿಯು ಖರ್ಚು ಮಿತಿಮೀರಿತೆಂದು 2025ರ ಆಗಸ್ಟಿನಲ್ಲಿ ಮೂರನ್ನೂ ಬಿಟ್ಟುಕೊಟ್ಟಿತು. ಅದೇ ವರ್ಷ ಮಿತ್ಸುಯಿಯು ಮಾತ್ರ ತನ್ನ ಹಳೆಯ ಪಿಲ್ಬರಾ ಪ್ರಾಂತದಲ್ಲಿಯೇ ರೋಡ್ಸ್ ರಿಜ್ ಎಂಬ ಅದಿರಿನ ನಿಕ್ಷೇಪದಲ್ಲಿ ನೂರಕ್ಕೆ 40ರಷ್ಟು ಪಾಲನ್ನು ಕೊಳ್ಳಲು 500 ಕೋಟಿ ಡಾಲರಿಗೂ ಮಿಕ್ಕಿ ಹಣ ತೊಡಗಿಸುವುದಾಗಿ ಸಾರಿತು.

ಮುಂಬಯಿಯ ಹತ್ತಿಯನ್ನು ಕೊಳ್ಳುತ್ತಿದ್ದ ತೋಯೋ ಮೆಂಕಾ ಏನಾಯಿತೆಂದು ಕೇಳುವವರೂ ಇರಬಹುದು. ಅದು ತೋಮೆನ್ ಎಂದು ಹೆಸರು ಬದಲಿಸಿಕೊಂಡು, ನಷ್ಟದಲ್ಲಿ ಸಿಲುಕಿ, 2006ರಲ್ಲಿ ಟೊಯೋಟಾ ಬಳಗದ ವ್ಯಾಪಾರ ಸಂಸ್ಥೆಯಾದ ಟೊಯೋಟಾ ತ್ಸೂಶೋದಲ್ಲಿ ವಿಲೀನವಾಯಿತು. ಈ ಸಂಸ್ಥೆಯು ಈಗ ನಮ್ಮ ನೆರೆಯ ವಿಶಾಖಪಟ್ಟಣದಲ್ಲಿ ಒಂದು ಕಾರ್ಖಾನೆಯನ್ನು ಹೊಂದಿದೆ. ಒಡಿಸ್ಸಾದ ಕಡಲತಡಿಯ ಮರಳಿನಿಂದ ನಮ್ಮ ಸರಕಾರೀ ಸಂಸ್ಥೆಯು ತೆಗೆದುಕೊಡುವ ವಿರಳ ಲೋಹಗಳ ಮಿಶ್ರಣವನ್ನು ಅಲ್ಲಿ ಬೇರ್ಪಡಿಸುತ್ತಾರೆ. ವಿದ್ಯುತ್ ಮೋಟಾರುಗಳ ಅಯಸ್ಕಾಂತಕ್ಕೆ ಬೇಕಾದ ಲೋಹ ಅದರಿಂದ ದೊರೆಯುತ್ತದೆ.